ರೌಟರ್ ವಿಂಗ್ ಅಂದ್ರೆ ಏನು?

ರೌಟರ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ವೈಫೈ ಡಬ್ಬಿ. ಮರಗೆಲಸದ ರೌಟರ್ ಬೇರೆ. ಅದೊಂದು ಮೋಟಾರು, ತುದಿಗೆ ಕಚ್ಚಿಸಿದ ಬಿಟ್ (ಮರ ಕೊರೆಯುವ ಅಲಗು) ನಿಮಿಷಕ್ಕೆ ಸುಮಾರು 10,000ದಿಂದ 25,000 ಸುತ್ತು ತಿರುಗುತ್ತದೆ. ಹಲಗೆಯ ಅಂಚು ಉರುಟು ಮಾಡಲು, ಅಡಿಕೆ ತೋಟದ ಕಣಿಯ ಹಾಗೆ ಮರದಲ್ಲಿ ನೇರ ಗ್ರೂವ್ ತೆಗೆಯಲು ಇದು ಬೇಕು.

ಕೈಯಲ್ಲಿ ಹಿಡಿದರೆ ರೌಟರ್ ಮರದ ಮೇಲೆ ಓಡುತ್ತದೆ. ಅದನ್ನೇ ತಲೆಕೆಳಗು ಮಾಡಿ ಮೇಜಿನ ಅಡಿಗೆ ಕೂರಿಸಿ, ಬಿಟ್ ಮಾತ್ರ ತೂತಿನಿಂದ ಮೇಲೆ ಬರುವಂತೆ ಇಟ್ಟರೆ ಓಡುವುದು ಮರ. ಅದು ರೌಟರ್ ಟೇಬಲ್. ಅದಕ್ಕೆ ಬೇರೆ ಮೇಜು ಮಾಡದೆ, ಟೇಬಲ್ ಸಾ, ಅಂದ್ರೆ ಮೇಜಿನ ನಡುವಿನಿಂದ ಬ್ಲೇಡ್ ಮೇಲೆ ಬರುವ ಗರಗಸ, ಅದರ ಬ್ಲೇಡಿನ ಪಕ್ಕಕ್ಕೆ ಚಾಚಿಕೊಂಡ ರೆಕ್ಕೆಯಲ್ಲೇ ರೌಟರ್ ಕೂರಿಸಿದರೆ ಅದೇ ರೌಟರ್ ವಿಂಗ್.

ಬದಿಯಡ್ಕದ ಹತ್ತಿರ ನಮ್ಮ ಮನೆಯ ಶೆಡ್ 10 ಅಡಿ ಅಗಲ, 12 ಅಡಿ ಉದ್ದ. ಒಂದು ಮೂಲೆ ಅಡಿಕೆ ಗೋಣಿಗೆ, ಇನ್ನೊಂದು ತೆಂಗಿನಕಾಯಿಗೆ. ಅಂಗಳದಲ್ಲಿ ಕೆಲಸ ಮಾಡೋಣ ಅಂದ್ರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ. ಬೇರೆ ರೌಟರ್ ಟೇಬಲ್ ತಂದರೆ ಮೇಜಿಗೆ ಜಾಗ ಹೇಗೋ ಮಾಡಬಹುದು, ಆದರೆ ಆರಡಿ ಹಲಗೆ ಈಚೆಯಿಂದ ಹೋಗಿ ಆಚೆ ಬರಬೇಕಲ್ವಾ, ಅದಕ್ಕೆ ಎರಡೂ ಬದಿ ಖಾಲಿ ಬೇಕು. ಗರಗಸಕ್ಕೆ ಅಂತ ಬಿಟ್ಟ ಖಾಲಿ ಜಾಗವೇ ರೌಟರ್‌ಗೂ ಆಗುತ್ತದೆ, ಜಾಸ್ತಿ ಉಳಿತಾಯ ಇರುವುದು ಅಲ್ಲಿ.

ನಾನು 18 ಮಿಲಿಮೀಟರ್ ಪ್ಲೈವುಡ್ ಎರಡು ಪದರ ಅಂಟಿಸಿ ವಿಂಗ್ ಮಾಡಿದೆ, ಅದರ ಕೆಳಗೆ ಒಂದು ಕಾಲು ಕೊಟ್ಟೆ. ಅರ್ಧ ಇಂಚು ದಪ್ಪ ಬುಡದ ಬಿಟ್ ಹಿಡಿಯುವ ದೊಡ್ಡ ರೌಟರ್ ಸದಾ ನೇತಾಡುತ್ತಿದ್ದರೆ ತೆಳು ಹಲಗೆ ಮಧ್ಯದಲ್ಲಿ ಜಗ್ಗುತ್ತದೆ, ಜಗ್ಗಿದರೆ ಗ್ರೂವಿನ ಆಳ ಒಂದೇ ಸಮ ಬರುವುದಿಲ್ಲ. ಗರಗಸದ ಮೇಲ್ಮೈಯಿಂದ ವಿಂಗ್‌ವರೆಗೆ ಉದ್ದ ಪಟ್ಟಿ ಇಟ್ಟು, ಅಡಿಯಿಂದ ಬೆಳಕು ಕಾಣದಷ್ಟು ಸಮ ಮಾಡಿಕೊಳ್ಳಿ.

ಫೆನ್ಸ್, ಅಂದ್ರೆ ಮರವನ್ನು ಒತ್ತಿಕೊಂಡು ನೇರ ನೂಕಲು ಇರುವ ಆಸರೆ ಪಟ್ಟಿ, ಗರಗಸದ್ದೇ ಸಾಕು. ಆದರೆ ಬಿಟ್ ಕಬ್ಬಿಣಕ್ಕೆ ತಾಗದ ಹಾಗೆ ಅದಕ್ಕೊಂದು ಮರದ ಪಟ್ಟಿ ಕಟ್ಟಿ, ಬಿಟ್ ಅರ್ಧ ಒಳಗೆ ಅಡಗುವಷ್ಟು ಕಚ್ಚು ತೆಗೆಯಬೇಕು.

ಇನ್ನು ಮರವನ್ನು ಯಾವ ದಿಕ್ಕಿನಿಂದ ನೂಕುವುದು? ಇದನ್ನು ದಯವಿಟ್ಟು ಎರಡು ಸಲ ಓದಿ. ತಲೆಕೆಳಗಾದ ರೌಟರ್‌ನ ಬಿಟ್ ಮೇಲಿಂದ ನೋಡಿದರೆ ಗಡಿಯಾರಕ್ಕೆ ಎದುರಾಗಿ ತಿರುಗುತ್ತದೆ. ಮರ ಯಾವಾಗಲೂ ಬಿಟ್ಟಿನ ಓಟಕ್ಕೆ ಎದುರು ಹೋಗಬೇಕು, ಅಂದರೆ ಫೆನ್ಸ್‌ಗೆ ಮುಖ ಮಾಡಿ ನಿಂತಾಗ ಬಲದಿಂದ ಎಡಕ್ಕೆ. ವಿಂಗ್ ಗರಗಸದ ಬಲಬದಿಯಲ್ಲಿದ್ದು, ಫೆನ್ಸ್ ಬ್ಲೇಡಿಗೂ ಬಿಟ್‌ಗೂ ನಡುವೆ ಇದ್ದರೆ ಹಲಗೆಯನ್ನು ಗರಗಸದ ಹಿಂಬದಿಯಿಂದ ಮುಂಬದಿಗೆ ನೂಕಬೇಕು, ಸೀಳುವಾಗಿನ ಅಭ್ಯಾಸಕ್ಕೆ ಪೂರಾ ಉಲ್ಟಾ. ನಾನು ಮೊದಲ ವಾರದಲ್ಲೇ ಅಭ್ಯಾಸಬಲದಿಂದ ಮುಂದಿನಿಂದ ನೂಕಿದೆ. ಹಲಸಿನ ಪಟ್ಟಿ ಕೈಯಿಂದ ಕಿತ್ತುಕೊಂಡು ಹೋಗಿ ಗೋಡೆಗೆ ಬಡಿಯಿತು. ಬೆರಳು ಉಳಿಯಿತು, ಆದರೆ ಆ ದಿನ ಮತ್ತೆ ಸ್ವಿಚ್ ಹಾಕಲಿಲ್ಲ. ಫೆನ್ಸ್ ಮತ್ತು ಬಿಟ್ ನಡುವಿನ ಸಂದಿಯಲ್ಲಂತೂ ಮರ ತೂರಿಸಲೇಬೇಡಿ.

ಎರಡಿಂಚಿಗಿಂತ ಅಗಲದ ಬಿಟ್ ಹಾಕಿದರೆ ವೇಗ 10,000ದ ಹತ್ತಿರಕ್ಕೆ ಇಳಿಸಿ. ಬಿಟ್ ಬದಲಿಸುವಾಗ ಪ್ಲಗ್ ತೆಗೆಯಿರಿ. ರೌಟರ್ ಓಡುವಾಗ ಬ್ಲೇಡ್ ಮೇಜಿನ ಅಡಿಗೆ ಇಳಿದಿರಲಿ.

ತೊಂದರೆಯೂ ಒಂದಿದೆ. ಫೆನ್ಸ್ ಒಂದೇ ಆದ್ದರಿಂದ ಸೀಳುವ ಅಳತೆ ಇಟ್ಟ ಮೇಲೆ ರೌಟರ್‌ಗೆ ಅಂತ ಸರಿಸಿದರೆ ಅದೇ ಅಳತೆ ಕೂದಲೆಳೆಯೂ ತಪ್ಪದೆ ಮತ್ತೆ ಸಿಗುವುದು ಕಷ್ಟ. ಹಾಗಾಗಿ ಸೀಳುವ ಕೆಲಸವೆಲ್ಲ ಮೊದಲು ಮುಗಿಸುತ್ತೇನೆ. ನಾಲ್ಕು ಪಟ್ಟಿ ಬೇಕಿದ್ದಲ್ಲಿ ಐದು ಸೀಳಿ, ಐದನೆಯದನ್ನು ರೌಟರ್ ಎಷ್ಟು ಆಳ ಹೋಗುತ್ತದೆ ಅಂತ ನೋಡಲು ಇಟ್ಟುಕೊಳ್ಳುತ್ತೇನೆ.