ವಾಕರ್ ಎಂದರೆ ನಡೆಯುವವನಲ್ಲ, ಬಟ್ಟೆ ತುಳಿಯುವವನು

ಜಾನಿ ವಾಕರ್ ಬಾಟಲಿಯ ಮೇಲೆ ಟೋಪಿ ಹಾಕಿಕೊಂಡು ದಾಪುಗಾಲಿಡುವ ಮನುಷ್ಯನನ್ನು ನೋಡಿರುತ್ತೀರಿ. 1908ರಲ್ಲಿ ಟಾಮ್ ಬ್ರೌನ್ ಎಂಬ ಕಲಾವಿದ ಬರೆದ ಚಿತ್ರ ಅದು. ಚೆನ್ನಾಗೇ ಇದೆ. ಆದರೆ ವಾಕರ್ ಅನ್ನೋ ಮನೆತನದ ಹೆಸರು ಬಂದದ್ದು ದಾರಿ ನಡೆದವರಿಂದಲ್ಲ, ತೊಟ್ಟಿಯಲ್ಲಿ ಬಟ್ಟೆ ತುಳಿದವರಿಂದ.

ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಜಾಳುಜಾಳಾಗಿರುತ್ತದೆ, ಜಿಡ್ಡು ಬೇರೆ. ಅದನ್ನು ನೀರಿನ ತೊಟ್ಟಿಗೆ ಹಾಕಿ, ಒಂದು ಬಗೆಯ ಜೇಡಿಮಣ್ಣು ಕಲಸಿ, ಗಂಟೆಗಟ್ಟಲೆ ತುಳಿಯಬೇಕಿತ್ತು. ಆಗ ಜಿಡ್ಡು ಬಿಟ್ಟು, ಎಳೆಗಳು ಹೆಣೆದುಕೊಂಡು ಬಟ್ಟೆ ದಪ್ಪಗಾಗುತ್ತಿತ್ತು. ಹಳೆಯ ಮೂತ್ರವನ್ನೂ ಸುರಿಯುತ್ತಿದ್ದರು. ಅದರ ಅಮೋನಿಯಾ ಜಿಡ್ಡು ತೆಗೆಯುತ್ತದೆ. ವಾಸನೆ ಹೇಗಿದ್ದಿರಬೇಕು! ಆ ಮಣ್ಣು ಮಾತ್ರ ನಮಗೂ ಗೊತ್ತಿರುವುದೇ: ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯದು.

ಕೆಲಸ ಒಂದೇ, ಹೆಸರು ಮೂರು. ಉತ್ತರ ಇಂಗ್ಲೆಂಡಿನಲ್ಲಿ ಈ ಕೆಲಸದವನು ವಾಕರ್. ಆಗ್ನೇಯದಲ್ಲಿ ಫುಲ್ಲರ್. ನೈರುತ್ಯದ ಡೆವನ್, ಸಾಮರ್‌ಸೆಟ್ ಕಡೆ ಟಕರ್. ಹಳೆ ಇಂಗ್ಲಿಷಿನಲ್ಲಿ ಟಕರ್ ಪದದ ಬೇರಿಗೆ ಹಿಂಸೆ ಕೊಡು ಎಂಬ ಅರ್ಥವಿತ್ತು. ಬಟ್ಟೆ ಪಡುತ್ತಿದ್ದ ಪಾಡು ನೋಡಿದರೆ ಸರಿಯಾಗೇ ಇದೆ ಅಲ್ವಾ? ಡೆವನ್ನಿನ ಎಕ್ಸಿಟರ್ ಊರಲ್ಲಿ ಈ ಕಸುಬಿನವರು, ನೇಕಾರರು ಸೇರಿ 1471ರಲ್ಲಿ ಕಟ್ಟಿಸಿದ ಟಕರ್ಸ್ ಹಾಲ್ ಇವತ್ತೂ ನಿಂತಿದೆ.

ಮೊದಮೊದಲು ಇವು ಮನೆತನದ ಹೆಸರುಗಳೇ ಅಲ್ಲ. ಊರಲ್ಲಿ ನಾಲ್ಕು ಜನ ಜಾನ್ ಇದ್ದರೆ, ಬಟ್ಟೆ ತುಳಿಯುವ ಜಾನ್ ಯಾರು ಎಂದು ಗುರುತಿಸಲು ಕಸುಬಿನ ಹೆಸರು ಸೇರಿಸುತ್ತಿದ್ದರು. ಮಗ ಬಡಗಿಯಾದರೆ ಅವನ ಹೆಸರೂ ಬದಲು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ನಿಧಾನವಾಗಿ ಅಪ್ಪನ ಹೆಸರೇ ಮಗನಿಗೂ ಅಂಟತೊಡಗಿತು. ಮೊದಲು ಸಿರಿವಂತರಲ್ಲಿ, ಆಮೇಲೆ ಉಳಿದವರಲ್ಲಿ. 14ನೇ ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನ ಬಹುಪಾಲು ಜನರಿಗೆ ಹೆಸರು ಗಟ್ಟಿಯಾಗಿತ್ತು.

ನನಗೆ ತಮಾಷೆ ಅನಿಸುವುದು ಇಲ್ಲೇ. ಅಷ್ಟರಲ್ಲಿ ತುಳಿಯುವ ಕೆಲಸ ಕಾಲಿನಿಂದ ಕೈಬಿಟ್ಟು ಹೋಗುತ್ತಿತ್ತು! ನೀರಿನ ಚಕ್ರಕ್ಕೆ ಮರದ ಸುತ್ತಿಗೆ ಜೋಡಿಸಿ ಬಟ್ಟೆ ಕುಟ್ಟುವ ಗಿರಣಿಗಳು ಟೆಂಪ್ಲರ್ ಎಂಬ ಕ್ರೈಸ್ತ ಯೋಧ-ಸನ್ಯಾಸಿಗಳ ಸಂಘದ 1185ರ ದಾಖಲೆಗಳಲ್ಲೇ ಸಿಗುತ್ತವೆ. ಅಂದರೆ ಎಷ್ಟೋ ವಾಕರ್‌ಗಳಿಗೆ ಈ ಹೆಸರು ಖಾಯಂ ಆಗುವಾಗ ತೊಟ್ಟಿಗೆ ಕಾಲಿಡುವ ಕೆಲಸವೇ ಉಳಿದಿರಲಿಲ್ಲ.

ಹೆಸರಿನ ಜೊತೆ ಊರೂ ಅಂಟಿಕೊಂಡಿತು. 1881ರ ಜನಗಣತಿಯಲ್ಲೂ ಟಕರ್‌ಗಳು ಡೆವನ್ ಸುತ್ತಮುತ್ತಲೇ ಜಾಸ್ತಿ.