ಡಚ್ ಪದ ‘ಕ್ರಾನ್’: ಹಕ್ಕಿ, ನಲ್ಲಿ, ಭಾರ ಎತ್ತುವ ಯಂತ್ರ

ನೆದರ್ಲೆಂಡ್ಸಿನಲ್ಲಿ ಯಾರಾದರೂ ‘ದೆ ಕ್ರಾನ್ ಲೆಕ್ಟ್’ ಎಂದರೆ ಮನೆಯ ನಲ್ಲಿ ಸೋರುತ್ತಿದೆ ಎಂದರ್ಥ. ಇಂಗ್ಲಿಷಿನ ‘ಕ್ರೇನ್’ ಇದೇ ಪದದ ದಾಯಾದಿಯಾದರೂ ಅದಕ್ಕೆ ನಲ್ಲಿಯ ಅರ್ಥವಿಲ್ಲ. ಹಾಗಾಗಿ ಇಂಗ್ಲಿಷ್ ಬಲದಿಂದ ಡಚ್ ಕಲಿಯುವವರು ಮೊದಲು ಎಡವುವುದು ಇಲ್ಲಿಯೇ.

ಮೂಲದಲ್ಲಿ ಇದು ಉದ್ದ ಕತ್ತಿನ ಬೂದು ಬಣ್ಣದ ಹಕ್ಕಿಯೊಂದರ ಹೆಸರು. ವಿಜ್ಞಾನಿಗಳು ‘ಗ್ರಸ್ ಗ್ರಸ್’ ಎನ್ನುವ ಹಕ್ಕಿ. ಅದರ ಕರ್ಕಶ ಕೂಗಿನ ಅನುಕರಣೆಯಿಂದ ಹುಟ್ಟಿದ ಬೇರು ಜರ್ಮನ್ನಿನಲ್ಲಿ ‘ಕ್ರಾನಿಖ್’, ಗ್ರೀಕಿನಲ್ಲಿ ‘ಗೆರಾನೋಸ್’ ಆಗಿದೆ. ಜೆರೇನಿಯಂ ಗಿಡದ ಹೆಸರೂ ಅಲ್ಲಿಂದಲೇ ಬಂದದ್ದು, ಅದರ ಕಾಯಿ ಹಕ್ಕಿಯ ಕೊಕ್ಕಿನಂತಿದೆ. ಭಾರ ಎತ್ತುವ ಯಂತ್ರಕ್ಕೆ ಗ್ರೀಕರೂ ಈ ಹಕ್ಕಿಯ ಹೆಸರನ್ನೇ ಇಟ್ಟಿದ್ದರು.

ಮಧ್ಯಯುಗದ ಬಂದರುಗಳಲ್ಲಿ ಹಡಗಿನ ಪೀಪಾಯಿ ಇಳಿಸಲು ಮರದ ಉದ್ದ ತೋಳಿನ ಯಂತ್ರಗಳಿದ್ದವು. ದೊಡ್ಡ ಚಕ್ರದೊಳಗೆ ಆಳುಗಳು ನಡೆದರೆ ಹಗ್ಗ ಸುತ್ತಿಕೊಂಡು ಭಾರ ಮೇಲೇರುತ್ತಿತ್ತು. ಬೆಲ್ಜಿಯಂನ ಬ್ರೂಜ್ ನಗರದಲ್ಲಿ ಅಂಥ ಯಂತ್ರವಿದ್ದ ಜಾಗಕ್ಕೆ ಈಗಲೂ ‘ಕ್ರಾನ್‌ಪ್ಲೇನ್’ ಎಂದೇ ಹೆಸರು. ನಲ್ಲಿಗೂ ಹೆಸರು ಬಂದದ್ದು ಬಾಗಿದ ಕತ್ತಿನ ಹೋಲಿಕೆಯಿಂದ.

ಈ ಎರಡು ಅರ್ಥಗಳು ಬಲವಾಗಿ ಬೇರೂರಿದ ಮೇಲೆ ಹಕ್ಕಿಗೇ ವಿಶೇಷಣ ಬೇಕಾಯಿತು: ಇಂದು ಅದು ‘ಕ್ರಾನ್‌ವೋಖೆಲ್’, ಅಂದರೆ ಕ್ರಾನ್ ಹಕ್ಕಿ. ಶತಮಾನಗಳ ನಂತರ ಅದು ನೆದರ್ಲೆಂಡ್ಸಿನಲ್ಲಿ ಮತ್ತೆ ಮರಿಮಾಡಿದ್ದು 2001ರಲ್ಲಿ, ಫೋಖ್ತೆಲೂರ್‌ವೇನ್ ಎಂಬ ಜೌಗು ಪ್ರದೇಶದಲ್ಲಿ. ಅಲ್ಲಿ ಎಲ್ಲೆಲ್ಲೂ ಕಾಣುವ ಬೂದು ಬಕವನ್ನು ಅನೇಕರು ಇದೆಂದೇ ತಿಳಿಯುತ್ತಾರೆ. ಹಾರುವಾಗ ಬಕ ಕತ್ತನ್ನು ಮಡಚಿಕೊಳ್ಳುತ್ತದೆ, ಕ್ರಾನ್‌ವೋಖೆಲ್ ನೇರವಾಗಿ ಚಾಚುತ್ತದೆ.

ಬಳಕೆಯಲ್ಲಿ ಅರ್ಥ ಗೊತ್ತಾಗುವುದು ಜೊತೆಯ ಪದದಿಂದ. ‘ಡಿಖ್ಟ್‌ಡ್ರಾಯೆನ್’ (ತಿರುಗಿಸಿ ಮುಚ್ಚು) ಬಂದರೆ ನಲ್ಲಿ, ‘ಹೈಸೆನ್’ (ಮೇಲೆತ್ತು) ಬಂದರೆ ಯಂತ್ರ. ಹೋಟೆಲಿನಲ್ಲಿ ‘ಕ್ರಾನ್‌ವಾಟರ್’ ಕೇಳಿದರೆ ನಲ್ಲಿ ನೀರು; ‘ಕ್ರಾನ್‌ವಾಖೆನ್’ ಮಾತ್ರ ಕ್ರೇನ್ ಹೊತ್ತ ಲಾರಿ. ಗಣಿತದಲ್ಲಿ ಯಾರಾದರೂ ‘ಕ್ರಾನ್’ ಎಂದರೆ ಅವರು ಅದರಲ್ಲಿ ನಿಪುಣರು. ನಲ್ಲಿ ತೆರೆದಿಟ್ಟು ನೆಲ ಒರೆಸುವುದು ಎಂಬ ನುಡಿಗಟ್ಟು ದಿನಬಳಕೆಯದು. ಮೂಲ ಕಾರಣವನ್ನು ಬಿಟ್ಟು ಪರಿಣಾಮದೊಂದಿಗೆ ಹೆಣಗುವ ಕೆಲಸಕ್ಕೆ ಅದನ್ನು ಹೇಳುತ್ತಾರೆ.

ಉಚ್ಚಾರದಲ್ಲಿ ಕೊನೆಯ ‘ನ್’ ಸ್ಪಷ್ಟವಾಗಿರಲಿ. ‘ಕ್ರಾಮ್’ ಬೇರೆಯೇ ಪದ: ‘ಕ್ರಾಮ್‌ಜೋರ್ಖ್’ ಎಂದರೆ ಮನೆಗೇ ಬಂದು ಮಾಡುವ ಬಾಣಂತಿ, ಮಗುವಿನ ಆರೈಕೆ.