ಕ್ಯಾಲಿಫೋರ್ನಿಯಾ ಬಿಟ್ಟು ಬಂದ ಮೇಲೂ ಅದಕ್ಕೆ ತೆರಿಗೆ ಕಟ್ಟಬೇಕಾ?

ಪ್ರಶ್ನೆ: ಒಂಬತ್ತು ವರ್ಷ ಸಾನ್ ಹೋಸೆಯಲ್ಲಿ ಕೆಲಸ ಮಾಡಿದೆ. ಹೋದ ವರ್ಷ ಸಂಸಾರ ಸಮೇತ ಟೆಕ್ಸಾಸ್‌ನ ಆಸ್ಟಿನ್‌ಗೆ ಬಂದ್ವಿ. ಹಳೇ ಕಂಪನಿಯ 401ಕೆ (ಸಂಬಳದಿಂದ ಕೂಡಿಸಿದ ನಿವೃತ್ತಿ ಖಾತೆ) ದುಡ್ಡು ಈಗ ತೆಗೆದರೆ ಕ್ಯಾಲಿಫೋರ್ನಿಯಾ ತೆರಿಗೆ ಕಟ್ಟಬೇಕಾ ಸಾರ್?

ಉತ್ತರ: ಬೇಡ. ಒಂದು ಡಾಲರೂ ಬೇಡ.

ಜನವರಿ ಕೊನೆಗೆ, ನಿವೃತ್ತಿ ಖಾತೆಯಿಂದ ತೆಗೆದ ಹಣದ ಲೆಕ್ಕ ತೋರಿಸುವ 1099-ಆರ್ ಫಾರ್ಮ್‌ಗಳು ಕೈಸೇರಲು ಶುರುವಾದರೆ ಸಾಕು, ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಉತ್ತರ ಹೇಳಿದ ಮೇಲೂ ಹತ್ತರಲ್ಲಿ ಏಳು ಜನ ನಂಬುವುದಿಲ್ಲ. "ಅಲ್ಲ ಸಾರ್, ಆ ದುಡ್ಡು ಹಾಕುವಾಗ ಕ್ಯಾಲಿಫೋರ್ನಿಯಾ ತೆರಿಗೆ ಬಿಟ್ಟಿತ್ತಲ್ಲ? ತೆಗೆಯುವಾಗ ವಸೂಲಿ ಮಾಡದೆ ಬಿಡುತ್ತದಾ?" ಎನ್ನುತ್ತಾರೆ. ಆಫೀಸಿನ ಗೆಳೆಯ ಹೇಳಿದ, ಭಾವಮೈದ ಹೇಳಿದ, ವಾಟ್ಸಾಪ್ ಗುಂಪಿನಲ್ಲಿ ಯಾರೋ ಖಚಿತವಾಗಿ ಹೇಳಿದರು. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಆ ವಾದಕ್ಕೆ ಒಂದು ಕಾಲದಲ್ಲಿ ನಿಜವಾಗಿಯೂ ಬಲವಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾ ಮಾಡುತ್ತಿದ್ದದ್ದು ಅದನ್ನೇ. ಅಲ್ಲಿ ದುಡಿದು, ನಿವೃತ್ತರಾಗಿ, ಪಕ್ಕದ ನೆವಾಡಾದಲ್ಲಿ ಮನೆ ಮಾಡಿಕೊಂಡ ಹಿರಿಯರಿಗೆ "ಈ ಪಿಂಚಣಿ ನಮ್ಮ ನೆಲದಲ್ಲಿ ದುಡಿದದ್ದು, ತೆರಿಗೆ ಕಟ್ಟಿ" ಎಂದು ನೋಟಿಸು ಹೋಗುತ್ತಿತ್ತು. ಇದಕ್ಕೆ ಸೋರ್ಸ್ ಟ್ಯಾಕ್ಸ್ ಎಂದೇ ಹೆಸರಿತ್ತು. ಓಟು ಹಾಕುವ ಹಕ್ಕಿಲ್ಲದ ರಾಜ್ಯಕ್ಕೆ ತೆರಿಗೆ ಮಾತ್ರ ಕಟ್ಟಬೇಕೇ ಎಂದು ಆ ಹಿರಿಯರು ಸಿಟ್ಟಿಗೆದ್ದರು. ನೆವಾಡಾದ ಪ್ರತಿನಿಧಿ ಬಾರ್ಬರಾ ವುಕಾನೊವಿಚ್ ಮಸೂದೆ ಮಂಡಿಸಿದರು. 1996ರ ಜನವರಿ 10ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು. ಅದೇ ಪಬ್ಲಿಕ್ ಲಾ 104-95. ತನ್ನಲ್ಲಿ ನೆಲೆಸಿಲ್ಲದವರ ನಿವೃತ್ತಿ ಆದಾಯದ ಮೇಲೆ ಯಾವ ರಾಜ್ಯವೂ ತೆರಿಗೆ ಹಾಕುವಂತಿಲ್ಲ ಎನ್ನುತ್ತದೆ ಅದು. 401ಕೆ, ಅದರಂಥವೇ ಆದ 403ಬಿ, 457 ಖಾತೆಗಳು, ಸ್ವಂತವಾಗಿ ತೆರೆಯುವ ನಿವೃತ್ತಿ ಖಾತೆಯಾದ ಐಆರ್‌ಎ, ಪಿಂಚಣಿ ಎಲ್ಲ ಅದರೊಳಗೆ ಬಂದವು. ಇದು ಫೆಡರಲ್, ಅಂದರೆ ಕೇಂದ್ರದ ಕಾನೂನು. ಕ್ಯಾಲಿಫೋರ್ನಿಯಾ ಒಪ್ಪಲಿ ಬಿಡಲಿ, ಪಾಲಿಸಲೇಬೇಕು. ದುಡ್ಡು ಹಾಕುವಾಗ ರಾಜ್ಯ ತೆರಿಗೆ ಬಿಟ್ಟಿತ್ತು ಎಂಬುದು ನಿಜ, ತೆಗೆಯುವಾಗ ಕೇಳುವ ಹಕ್ಕು ಅದಕ್ಕಿಲ್ಲ ಎಂಬುದೂ ನಿಜ.

ಹಾಗಾದರೆ ತಪ್ಪು ನಂಬಿಕೆ ಸಾಯುವುದಿಲ್ಲ ಯಾಕೆ? ಅದರ ಬೇರು ಫಾರ್ಮಿನಲ್ಲೇ ಇದೆ. ಕಳೆದ ಮಾರ್ಚ್‌ನಲ್ಲಿ ಡಲ್ಲಾಸ್ ಹತ್ತಿರದ ಒಬ್ಬರ ಮನೆಯಲ್ಲಿ ಊಟದ ಮೇಜಿನ ಮೇಲೆ ಅವರ 1099-ಆರ್ ಹರಡಿಕೊಂಡು ಕೂತಿದ್ದೆ. ತೆಗೆದದ್ದು 30,000 ಡಾಲರ್. ಫೆಡರಲ್‌ಗೆ 20% ಅಂದರೆ 6,000 ಮುಂಗಡವಾಗಿ ಹಿಡಿದಿದ್ದರು. 14ನೇ ಚೌಕದಲ್ಲಿ ಇನ್ನೊಂದು 600, ಅದರ ಪಕ್ಕದಲ್ಲಿ ಕ್ಯಾಲಿಫೋರ್ನಿಯಾದ ಎರಡಕ್ಷರ. "ನೋಡಿ, ಹಿಡಿದೇ ಬಿಟ್ಟಿದ್ದಾರೆ!" ಎಂದರು ಮನೆಯವರು.

ಹಿಡಿಯುವುದು ಬೇರೆ, ತೆರಿಗೆ ಬೀಳುವುದು ಬೇರೆ. ಇವರು 401ಕೆ ಖಾತೆಯಲ್ಲಿ ಹಳೇ ವಿಳಾಸ ಬದಲಿಸಿರಲೇ ಇಲ್ಲ. ಕ್ಯಾಲಿಫೋರ್ನಿಯಾ ವಿಳಾಸ ಕಂಡರೆ, ಬೇಡ ಎಂದು ಬರೆದುಕೊಡದಿದ್ದರೆ, ಫೆಡರಲ್ ಹಿಡಿತದ 10% ರಾಜ್ಯಕ್ಕೂ ಹಿಡಿಯುತ್ತಾರೆ. 6,000ಕ್ಕೆ 600. ಲೆಕ್ಕ ಅಷ್ಟೇ. ಇಂಥವರು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿಲ್ಲದವರ ತೆರಿಗೆ ರಿಟರ್ನ್ ಆದ 540ಎನ್‌ಆರ್ ಸಲ್ಲಿಸಿ, ಕ್ಯಾಲಿಫೋರ್ನಿಯಾ ಆದಾಯ ಸೊನ್ನೆ ಎಂದು ತೋರಿಸಿ, ಆ 600 ವಾಪಸ್ ಪಡೆಯಬೇಕು. ಎಷ್ಟೋ ಜನ ಇದನ್ನು ತೆರಿಗೆಯೆಂದೇ ತಿಳಿದು ಸುಮ್ಮನಾಗುತ್ತಾರೆ. ದುಡ್ಡು ನಿಮ್ಮದು, ಬಿಡಬೇಡಿ.

ಆದರೆ ಆಸ್ಟಿನ್ ಬದಲು ಶಾರ್ಲೆಟ್‌ಗೆ ಹೋಗಿದ್ದರೆ ನಾರ್ತ್ ಕೆರೊಲಿನಾ ತನ್ನ ತೆರಿಗೆ ಹಾಕುತ್ತಿತ್ತು, 2025ಕ್ಕೆ 4.25%. ಈಗ ಇರುವ ರಾಜ್ಯದ ಹಕ್ಕು ಅದು. ಟೆಕ್ಸಾಸ್‌ಗೆ ಆದಾಯ ತೆರಿಗೆಯೇ ಇಲ್ಲ, ಅದಕ್ಕೆ ನೀವು ಪಾರು. ಫೆಡರಲ್ ತೆರಿಗೆ ಎಲ್ಲಿದ್ದರೂ ಇದ್ದೇ ಇದೆ. ಐವತ್ತೊಂಬತ್ತೂವರೆ ತುಂಬುವ ಮೊದಲು ತೆಗೆದರೆ ಸಾಮಾನ್ಯವಾಗಿ ಅದರ ಮೇಲೆ 10% ದಂಡ. ಅಗತ್ಯವಿಲ್ಲದಿದ್ದರೆ ತೆಗೆಯಬೇಡಿ, ಐಆರ್‌ಎಗೆ ವರ್ಗಾಯಿಸಿ.

ಇಷ್ಟು ಓದಿ "ಹಾಗಾದರೆ ಕ್ಯಾಲಿಫೋರ್ನಿಯಾದಿಂದ ಬರುವ ಯಾವುದಕ್ಕೂ ತೆರಿಗೆ ಇಲ್ಲ" ಎಂದುಕೊಂಡರೆ ಅದು ಇನ್ನೂ ದೊಡ್ಡ ತಪ್ಪು. ಆರ್‌ಎಸ್‌ಯು, ಅಂದರೆ ಕೆಲಸಕ್ಕೆ ಪ್ರತಿಯಾಗಿ ಕಂಪನಿ ಕೊಡುವ ಷೇರು, ಇದ್ದವರು ಗಮನವಿಟ್ಟು ಓದಿ. ಗ್ರಾಂಟ್ ಸಿಕ್ಕ (ಷೇರು ಕೊಡುತ್ತೇವೆ ಎಂದ) ದಿನದಿಂದ ವೆಸ್ಟ್ ಆದ (ಅದು ನಿಮ್ಮ ಕೈಸೇರಿದ) ದಿನದವರೆಗೆ 800 ಕೆಲಸದ ದಿನ, ಅದರಲ್ಲಿ 600 ದಿನ ನೀವು ಕ್ಯಾಲಿಫೋರ್ನಿಯಾದಲ್ಲಿ ದುಡಿದಿದ್ದೀರಿ ಅನ್ನಿ. ಆಸ್ಟಿನ್‌ನಲ್ಲಿರುವಾಗ 40,000 ಡಾಲರಿನ ಷೇರು ವೆಸ್ಟ್ ಆದರೂ ಮುಕ್ಕಾಲು ಪಾಲು, ಅಂದರೆ 30,000, ಕ್ಯಾಲಿಫೋರ್ನಿಯಾ ಆದಾಯ. ಇದು ಸಂಬಳ, ನಿವೃತ್ತಿ ಹಣವಲ್ಲ. 1996ರ ಕಾನೂನು ಇದನ್ನು ಕಾಯುವುದಿಲ್ಲ. ಬೋನಸ್ಸಿಗೂ ಇದೇ ನ್ಯಾಯ. ಬಾಡಿಗೆಗೆ ಕೊಟ್ಟು ಬಂದ ಮನೆಯ ಬಾಡಿಗೆ, ಅದನ್ನು ಮಾರಿದ ಲಾಭ, ಎರಡೂ ಮನೆ ನಿಂತ ರಾಜ್ಯಕ್ಕೆ. ಬ್ಯಾಂಕ್ ಬಡ್ಡಿ, ಡಿವಿಡೆಂಡ್ ಮಾತ್ರ ನೀವು ಇರುವ ಕಡೆಗೆ.

ಯಾರೂ ನೇರವಾಗಿ ಕೇಳದ, ಆದರೆ ಎಲ್ಲರ ಮನಸ್ಸಿನಲ್ಲಿರುವ ಇನ್ನೊಂದು ಪ್ರಶ್ನೆ: ಆಸ್ಟಿನ್ ಅಲ್ಲ, ಬೆಂಗಳೂರಿಗೇ ವಾಪಸ್ ಹೋದರೆ? ಅಪ್ಪ ಅಮ್ಮನಿಗೆ ವಯಸ್ಸಾಯಿತು, ಮಕ್ಕಳು ಕನ್ನಡ ಕಲಿಯಲಿ ಎಂದು ಹೊರಡುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ನಿಜವಾಗಿ ನೆಲೆ ಬದಲಿಸಿದರೆ ಕ್ಯಾಲಿಫೋರ್ನಿಯಾಗೆ ಆಸ್ಟಿನ್ನೂ ಒಂದೇ, ಜಯನಗರವೂ ಒಂದೇ, 401ಕೆ ಮುಟ್ಟುವಂತಿಲ್ಲ. ಆರು ತಿಂಗಳ ಪ್ರಾಜೆಕ್ಟಿಗೆಂದು ಹೋಗಿ ಬರುವವರಿಗೆ ಇದು ಸಲ್ಲದು, ಅವರು ಕ್ಯಾಲಿಫೋರ್ನಿಯಾದ ನಿವಾಸಿಗಳೇ.

ತೊಡಕಿರುವುದು ನಮ್ಮ ಕಡೆ. ಖಾತೆಯೊಳಗೆ ವರ್ಷವರ್ಷವೂ ಬೆಳೆಯುವ ಹಣಕ್ಕೆ ಭಾರತ ಆಯಾ ವರ್ಷವೇ ತೆರಿಗೆ ಕೇಳುತ್ತದೆ, ಅಮೆರಿಕ ತೆಗೆಯುವಾಗ ಕೇಳುತ್ತದೆ, ಎರಡೂ ಹೊಂದುವುದಿಲ್ಲ. ಇದನ್ನು ಸರಿಪಡಿಸಲೆಂದೇ 2021ರಲ್ಲಿ 1961ರ ಆದಾಯ ತೆರಿಗೆ ಕಾಯ್ದೆಗೆ 89ಎ ಕಲಂ ಸೇರಿತು. ಅಮೆರಿಕ, ಬ್ರಿಟನ್, ಕೆನಡಾ ಈ ಮೂರು ದೇಶಗಳ ನಿವೃತ್ತಿ ಖಾತೆಗಳಿಗೆ ಅಲ್ಲಿ ತೆರಿಗೆ ಬೀಳುವ ವರ್ಷವೇ ಇಲ್ಲೂ ಎಂದಿತು. ಆದರೆ ಅದು ತಾನಾಗಿ ಸಿಗದು, ನಿಗದಿತ ಫಾರ್ಮನ್ನು ರಿಟರ್ನ್ ಗಡುವಿನೊಳಗೆ ತುಂಬಿ ಕೇಳಬೇಕು. ಒಮ್ಮೆ ಆಯ್ದುಕೊಂಡರೆ ಮುಂದಿನ ವರ್ಷ ಬೇಡ ಎನ್ನುವಂತಿಲ್ಲ. ಬೆಂಗಳೂರಿನ ಆಡಿಟರ್ ಮುಂದೆ ಮೊದಲ ಸಲ ಕೂತಾಗಲೇ 401ಕೆ ಸ್ಟೇಟ್‌ಮೆಂಟ್ ಕೈಯಲ್ಲಿರಲಿ.